ಸನ್‌ರೂಫ್ ಇದೆ, ಸ್ಟೆಪ್ನಿ ಎಲ್ಲಿ?

ಹೊಸ ಎಸ್‌ಯುವಿ ತಗೊಂಡಿದ್ದೀರಾ? ಅಭಿನಂದನೆಗಳು. ಒಂದ್ಸಲ ಡಿಕ್ಕಿ ತೆಗೆದು ಅಡಿಯ ಕಾರ್ಪೆಟ್ ಎತ್ತಿ ನೋಡಿ. ಮಿಕ್ಕ ನಾಲ್ಕು ಚಕ್ರದಷ್ಟೇ ದೊಡ್ಡ ಐದನೆಯದು ಅಲ್ಲಿದ್ದರೆ ನೀವು ಪುಣ್ಯವಂತರು, ಇದನ್ನು ಬಿಟ್ಟು ಕಾಫಿ ಕುಡಿಯಿರಿ. ‘80 ಕಿ.ಮೀ. ವೇಗ ಮೀರಬೇಡಿ’ ಅನ್ನೋ ಚೀಟಿ ಅಂಟಿಸಿದ ಬಡಕಲು ಚಕ್ರ ಇದ್ದರೆ ಮುಂದೆ ಓದಿ. ಚಕ್ರವೇ ಇಲ್ಲದೆ ಒಂದು ಬಾಟಲಿ ಅಂಟು, ಅಂಗೈಯಗಲದ ಪಂಪು ಮಾತ್ರ ಇದ್ದರೆ ಕೂತ್ಕೊಂಡು ಓದಿ.

ನನ್ನದು ಎರಡನೇ ನಮೂನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರದಿಂದ ಹೆತ್ತೂರು ದಾಟಿ ಗೆಳೆಯನ ಮಾವನ ತೋಟಕ್ಕೆ ಹೊರಟಿದ್ದೆವು. ಡಾಂಬರು ಮುಗಿದ ಮೇಲೆ ಬರೀ ಕೆಸರು, ಕಲ್ಲು, ಜೀಪುಗಳು ಕೊರೆದ ಜಾಡು. ಒಂದು ಚೂಪು ಕಲ್ಲು ಮುಂದಿನ ಎಡ ಟೈರಿನ ಪಕ್ಕೆಯನ್ನೇ ಸೀಳಿತು. ಬೆರಳು ತೂರುವಷ್ಟು. ಜಾಕಿ ಇಟ್ಟು ತಿರುಗಿಸಿದೆ. ಗಾಡಿ ಮೇಲೇಳಲಿಲ್ಲ, ಜಾಕಿ ಕೆಸರಿಗಿಳಿಯಿತು. ನಟ್ಟುಗಳನ್ನು ಸರ್ವಿಸಿನವರು ಏರ್ ಗನ್ನಿನಲ್ಲಿ ಬಿಗಿದಿದ್ದರು. ಗಾಡಿ ಜೊತೆ ಕೊಟ್ಟ ಗಿಡ್ಡ ಸ್ಪ್ಯಾನರ್ ಮೇಲೆ ಹತ್ತಿ ನಿಂತರೂ ಜಪ್ಪಯ್ಯ ಅನ್ನಲಿಲ್ಲ. ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ.

ಮುಕ್ಕಾಲು ಗಂಟೆಯ ಮೇಲೆ ತೋಟದ ಜೀಪಿನ ಡ್ರೈವರಣ್ಣ ಬಂದರು. "ಎಂತ ಸಾರ್, ಇದ್ರಲ್ಲಿ ಇಲ್ಲಿಗೆ ಬಂದ್ರಾ?" ಅಂದವರು ಜೀಪಿನಿಂದ ಒಂದು ಹಲಗೆ ತುಂಡು, ಎರಡಡಿ ಕಬ್ಬಿಣದ ಪೈಪು ಇಳಿಸಿದರು. ಹಲಗೆ ಜಾಕಿಯ ಅಡಿಗೆ, ಪೈಪು ಸ್ಪ್ಯಾನರಿನ ಹಿಡಿಗೆ. ಚಕ್ರ ನೆಲದಲ್ಲಿರುವಾಗಲೇ ನಟ್ಟು ಸಡಿಲ ಮಾಡಬೇಕು, ಉಳಿದ ಚಕ್ರಕ್ಕೆ ಕಲ್ಲು ಕೊಡಬೇಕು ಅಂತ ಬೈಯುತ್ತಲೇ ಹೇಳಿಕೊಟ್ಟರು. ಬಡಕಲು ಚಕ್ರವನ್ನು ಮುಂದಕ್ಕೆ ಹಾಕೋಕೆ ಬಿಡಲಿಲ್ಲ. ನನ್ನದು ಮುಂದಿನ ಚಕ್ರ ಎಳೆಯುವ ಗಾಡಿ. ಅಷ್ಟು ಸಣ್ಣ ಟೈರು ಮುಂದಿದ್ದರೆ ಕೆಸರಲ್ಲಿ ಸುಮ್ಮನೆ ಸುತ್ತುತ್ತಿರುತ್ತದೆ. ಹಾಗಾಗಿ ಅದನ್ನು ಹಿಂದಕ್ಕೆ ಹಾಕಿ, ಹಿಂದಿನ ಒಳ್ಳೇ ಚಕ್ರವನ್ನು ಮುಂದಕ್ಕೆ ತಂದರು. ಅಂದರೆ ಜಾಕಿ ಎರಡು ಸಲ.

ಅಷ್ಟರ ನಡುವೆ ಇನ್ನೊಂದು ಗೊತ್ತಾಯ್ತು. ಆ ಬಡಕಲು ಚಕ್ರದಲ್ಲಿ ಗಾಳಿಯೇ ಇರಲಿಲ್ಲ. ಅದರ ಮೇಲೆ 60 ಪಿಎಸ್‌ಐ ಅಂತ ಅಚ್ಚಾಗಿದೆ, ಮಾಮೂಲಿ ಟೈರಿನ ಹತ್ತಿರ ಹತ್ತಿರ ಎರಡರಷ್ಟು. ಮೂರು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ನೋಡಿರಲಿಲ್ಲ. ಇದು ನನ್ನದೇ ತಪ್ಪು, ಕಂಪನಿ ತಲೆಗೆ ಕಟ್ಟಲ್ಲ. ಡ್ರೈವರಣ್ಣನ ಕಾಲು ಪಂಪನ್ನು ಸರದಿ ಮೇಲೆ ತುಳಿದೆವು. ಆಮೇಲೆ ಬೆಂಗಳೂರಿನವರೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್, ಲಾರಿಗಳೆಲ್ಲ ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕುತ್ತಿದ್ದವು.

ಕಂಪನಿ ತಲೆಗೆ ಕಟ್ಟುವುದು ಬೇರೆ ಇದೆ.

2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ತೂಕ ಇಳಿಯುತ್ತೆ, ಜಾಗ ಉಳಿಯುತ್ತೆ, ಬ್ಯಾಟರಿ ಇಡಬಹುದು. ಒಪ್ಪಿದೆ. ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡಿಗೆ ಹೋಗಿಬರುವ ಕಾರಿಗೆ ಅಷ್ಟು ಸಾಕು, ದಾರಿಯುದ್ದಕ್ಕೂ ಪಂಚರ್ ಅಂಗಡಿಗಳಿವೆ. ಆದರೆ ಅದೇ ಗಾಡಿಯನ್ನು ಜಾಹೀರಾತಿನಲ್ಲಿ ಹೊಳೆ ದಾಟಿಸಿ, ಬಂಡೆ ಹತ್ತಿಸಿ ಮಾರ್ತೀರಲ್ಲ, ಅದಕ್ಕೇನು ಹೇಳೋಣ? ಆ ಬಾಟಲಿ ಅಂಟು ಟೈರಿನ ನೆಲ ತಾಗುವ ಭಾಗದ ಮೊಳೆ ತೂತಿಗೆ ಆಗುತ್ತೆ. ಪಕ್ಕೆ ಸೀಳಿದರೆ ಅದು ನೆಲಕ್ಕೆ ಸೋರಿಹೋಗುತ್ತೆ, ಅಷ್ಟೇ. ಕಲ್ಲು ದಾರಿಯಲ್ಲಿ ಹರಿಯುವುದು ಹೆಚ್ಚಾಗಿ ಪಕ್ಕೆಯೇ.

ಸ್ಟೆಪ್ನಿ ಅನ್ನೋ ಪದ ಬಂದದ್ದೇ ವೇಲ್ಸ್‌ನ ಲನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಬಿಡಿ ಚಕ್ರ ಮಾಡಿ ಮಾರಲು ಶುರುಮಾಡಿದರು. ಯಾಕೆಂದರೆ ಅಲ್ಲಿಯವರೆಗೆ ಕಾರಿನ ಜೊತೆ ಬಿಡಿ ಚಕ್ರ ಬರುತ್ತಿರಲಿಲ್ಲ. ಶತಮಾನ ಕಳೆದ ಮೇಲೆ ನಾವು ಮತ್ತೆ ಅಲ್ಲಿಗೇ ಬಂದು ನಿಂತಿದ್ದೇವೆ, ಕೈಯಲ್ಲಿ ಟಚ್‌ಸ್ಕ್ರೀನ್ ಹಿಡ್ಕೊಂಡು.

ನಾವೂ ಕಡಿಮೆಯಿಲ್ಲ. ಸೀಟಿಗೆ ತಂಪು ಗಾಳಿ ಬರುತ್ತಾ ಅಂತ ಕೇಳ್ತೀವಿ, ಸ್ಟೆಪ್ನಿ ಯಾವ ಅಳತೆ ಅಂತ ಕೇಳಲ್ಲ. ಯಾರೂ ಕೇಳದೇ ಇದ್ದದ್ದನ್ನು ಕಂಪನಿ ಯಾಕೆ ಕೊಡುತ್ತೆ?

ಮೊನ್ನೆ ಅಕ್ಕನಿಗೆ ಕಾರು ನೋಡೋಕೆ ಶೋರೂಮಿಗೆ ಹೋಗಿದ್ದೆ. ಡಿಕ್ಕಿ ತೆಗೆಸಿದೆ. ಬಾಟಲಿ. "ಪೂರ್ತಿ ಅಳತೆಯ ಐದನೇ ಚಕ್ರಕ್ಕೆ ಬೇರೆ ದುಡ್ಡು ಕೊಡ್ತೀವಪ್ಪ, ಕೊಡ್ತೀರಾ?" ಅಂದೆ. ಹುಡುಗ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಇದುವರೆಗೆ ಯಾರೂ ಕೇಳಿಲ್ಲ ಸಾರ್, ಮ್ಯಾನೇಜರ್‌ನ ಕೇಳಿ ಫೋನ್ ಮಾಡ್ತೀನಿ" ಅಂತ ನಂಬರ್ ಬರ್ಕೊಂಡ. ಮೂರು ವಾರ ಆಯ್ತು.