ಎಫ್‌ಜಿ ಬೂಟು ನಮ್ಮ ನೆಲಕ್ಕಲ್ಲ

ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಈಗ ಎಫ್‌ಜಿ ಬೂಟೇ ಬೇಕು. ‘ಫರ್ಮ್ ಗ್ರೌಂಡ್’ ಅಂದ್ರೂ ಅದು ಹುಲ್ಲಿರೋ, ಸ್ಟಡ್ ಇಳಿಯೋ ನೆಲಕ್ಕೆ ಮಾಡಿದ್ದು. ನಮ್ಮ ಕಿಬ್ಬನಹಳ್ಳಿ ಕಡೆ ಮಾರ್ಚ್‌ನಲ್ಲಿ ತೆಂಗಿನಕಾಯಿ ಬಿದ್ದರೆ ಸಿಡಿಯುತ್ತೆ, ಅಂಥಾ ನೆಲ! ಸ್ಟಡ್ ಇಳಿಯಲ್ಲ, ಮೈಭಾರವೆಲ್ಲ ಹತ್ತು-ಹನ್ನೆರಡು ಚುಕ್ಕೆಗಳ ಮೇಲೆ. ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ, ಓದಿದ್ದೀವಲ್ಲ? ಇಲ್ಲಿಗೆ ಗಿಡ್ಡ ರಬ್ಬರ್ ಸ್ಟಡ್ ತುಂಬಿರೋ ಟರ್ಫ್ ಶೂನೇ ಸರಿ. ರಗ್ಬಿಯಲ್ಲಿ 21 ಮಿ.ಮೀ. ಸ್ಟಡ್‌ವರೆಗೂ ಒಪ್ಪುತ್ತಾರೆ, ಆದರೆ ಅಷ್ಟುದ್ದದ್ದು ಕೆಸರಿಗೆ.

‘1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಬರಿಗಾಲಲ್ಲೇ ಆಡಿದ್ರು’ ಅಂತಾರೆ ಸೀನಿಯರ್ಸ್. ನಿಜ. ಆದರೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಎದುರು 10-1 ಸೋತ ಮೇಲೆ ಬೂಟು ಕಡ್ಡಾಯವಾಯ್ತು. ಈ ಸಲ ಕ್ರೀಡಾ ಫಂಡಿನಲ್ಲಿ ಜೆರ್ಸಿ ಬೇಡ. ಮೊದಲು ಹದಿನೈದು ಜೊತೆ ಟರ್ಫ್ ಶೂ ತರಿಸಿ.