ಸೇನೆಯ ತಾಯಂದಿರು ಬರೆಯುವುದು ಯಾವಾಗ?

2025ರ ಮೇ ತಿಂಗಳಲ್ಲಿ ‘ಆಪರೇಷನ್ ಸಿಂಧೂರ’ ಸೇನಾ ಕಾರ್ಯಾಚರಣೆಯ ವಿವರ ನೀಡಲು ಕರ್ನಲ್ ಸೋಫಿಯಾ ಖುರೇಷಿ ಟೀವಿಯಲ್ಲಿ ಕಾಣಿಸಿಕೊಂಡದ್ದೇ ತಡ, ನಮ್ಮ ಸುದ್ದಿಮನೆಗಳು ಅವರ ಪತಿಯ ಊರನ್ನು ಹುಡುಕಿ ತೆಗೆದವು. ಗೋಕಾಕ ತಾಲ್ಲೂಕಿನ ಕೊಣ್ಣೂರು. ಅಲ್ಲಿಂದ ಅವರು ‘ಬೆಳಗಾವಿಯ ಸೊಸೆ’. ಅಭಿಮಾನದ ಮಾತೇ ಹೌದು, ದೂರುವಂಥದ್ದಲ್ಲ. 2006ರಲ್ಲಿ ಕಾಂಗೋದ ಶಾಂತಿಪಾಲನಾ ಕಾರ್ಯದಲ್ಲಿದ್ದವರು, 2016ರ ಬಹುರಾಷ್ಟ್ರೀಯ ಸಮರಾಭ್ಯಾಸದಲ್ಲಿ ಭಾರತದ ತುಕಡಿಯನ್ನು ಮುನ್ನಡೆಸಿದವರು ಎಂಬ ವಿವರಗಳೂ ಬಂದವು, ಸೊಸೆತನದ ಬೆನ್ನಿಗೆ. ಸೇನೆಯ ಹೆಣ್ಣನ್ನು ನಾವು ಮನೆಯ ನಂಟು ಹಿಡಿದೇ ಗುರುತಿಸುತ್ತೇವೆ. ಅವಳು ತನ್ನನ್ನು ಹೇಗೆ ಕಂಡುಕೊಂಡಿದ್ದಾಳೆ ಎಂದು ತಿಳಿಯಬೇಕಾದರೆ ಅವಳೇ ಬರೆದದ್ದು ಇರಬೇಕು. ಗಡಿಯ ಪೋಸ್ಟಿಂಗು, ಮನೆಯಲ್ಲಿ ಕೂಸು, ಇವೆರಡರ ನಡುವೆ ಆ ಬರಹಕ್ಕೆ ಜಾಗ ಮಾಡಿಕೊಳ್ಳುವುದು ಅವಳೊಬ್ಬಳ ಜಾಣತನಕ್ಕೆ ಬಿಟ್ಟ ವಿಷಯ ಎಂದು ನಾವು ಭಾವಿಸಿರುವುದೇ ತಪ್ಪು. ಆ ಜಾಗವನ್ನು ಕೊಡುವುದೂ ಕಸಿಯುವುದೂ ನಿಯಮಗಳು.

ಬೇರೆಯವರು ಅವಳ ಬಗ್ಗೆ ಬರೆದದ್ದಕ್ಕಂತೂ ಕೊರತೆಯಿಲ್ಲ. ಸೇನಾ ನರ್ಸಿಂಗ್ ಸೇವೆಯ ಲೆಫ್ಟಿನೆಂಟ್ ಒಬ್ಬರನ್ನು 1988ರಲ್ಲಿ ಮದುವೆಯಾದರು ಎಂಬ ಕಾರಣಕ್ಕೆ ಮನೆಗೆ ಕಳಿಸಲಾಯಿತು. ಅದಕ್ಕೆ ಆಧಾರವಾಗಿದ್ದ 1977ರ ಸೂಚನೆಯನ್ನು 1995ರಲ್ಲಿ ಹಿಂತೆಗೆದುಕೊಂಡರು. ಆ ಅಧಿಕಾರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ. ವೈದ್ಯಕೀಯ, ನರ್ಸಿಂಗ್ ಬಿಟ್ಟು ಬೇರೆ ವಿಭಾಗಗಳಿಗೆ 1992ರಲ್ಲಿ ಮಹಿಳಾ ಅಧಿಕಾರಿಗಳು ಬರತೊಡಗಿದರು. ಅವರಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಕೊಡುವ ಪ್ರಶ್ನೆ ಬಂದಾಗ ಕೇಂದ್ರ ಸರ್ಕಾರ ನ್ಯಾಯಾಲಯದ ಮುಂದಿಟ್ಟ ಕಾರಣಗಳಲ್ಲಿ ಬಸಿರು, ತಾಯ್ತನ, ಸಂಸಾರದ ಹೊಣೆ ಎಲ್ಲವೂ ಇದ್ದವು. 2020ರ ಫೆಬ್ರುವರಿ 17ರ ಸುಪ್ರೀಂ ಕೋರ್ಟ್ ತೀರ್ಪು ಇವನ್ನು ಪೂರ್ವಗ್ರಹ ಎಂದು ತಳ್ಳಿಹಾಕಿತು. ಆದರೂ ಗಮನಿಸಿ: ಆ ಅಧಿಕಾರಿಗಳ ಬದುಕು ಸಾರ್ವಜನಿಕ ದಾಖಲೆಗೆ ಸೇರಿದ್ದು ಅರ್ಜಿ, ಪ್ರಮಾಣಪತ್ರ, ತೀರ್ಪುಗಳ ಭಾಷೆಯಲ್ಲಿ. ತಾಯಿ ಯುದ್ಧಕ್ಕೆ ಒದಗುತ್ತಾಳೋ ಇಲ್ಲವೋ ಎಂದು ವರ್ಷಗಟ್ಟಲೆ ವಾದಿಸಿದ ದೇಶದ ಕೈಯಲ್ಲಿ, ಆ ತಾಯಿಯೇ ಬಿಡಿಸಿ ಹೇಳಿದ ಪುಸ್ತಕಗಳ ಒಂದು ಸಾಲು ಇಲ್ಲ.

ಬರೆಯಲಿ, ಬೇಡ ಅಂದವರು ಯಾರು ಎಂದು ಕೇಳಬಹುದು. ವಯಸ್ಸಿನ ಲೆಕ್ಕ ಹಾಕೋಣ. ಇಪ್ಪತ್ತರ ಆಚೀಚೆ ಸೇನೆಗೆ ಸೇರಿ ಷಾರ್ಟ್ ಸರ್ವಿಸ್ ಕಮಿಷನ್ನಿನ 10 ವರ್ಷ, ಬೇಕಿದ್ದರೆ ಮತ್ತೆ 4 ವರ್ಷ ಮುಗಿಸುವ ಕಾಲವೇ ಮಕ್ಕಳಾಗುವ ಕಾಲ, ಬರೆಯುವವರ ಕೈ ಪಳಗುವ ಕಾಲವೂ ಅದೇ. ಮೊದಲ ಎರಡಕ್ಕೆ ಒಂದಿಷ್ಟು ವ್ಯವಸ್ಥೆ ಇದೆ: 180 ದಿನಗಳ ಹೆರಿಗೆ ರಜೆ, ಇಡೀ ಸೇವೆಯಲ್ಲಿ 360 ದಿನಗಳ ಮಕ್ಕಳ ಪಾಲನೆ ರಜೆ. ಅಧಿಕಾರಿಗಳಿಗಷ್ಟೇ ಇದ್ದ ಈ ನಿಯಮವನ್ನು ಕೆಳಗಿನ ಶ್ರೇಣಿಯ ಮಹಿಳಾ ಸಿಬ್ಬಂದಿಗೂ ವಿಸ್ತರಿಸಿದ್ದು 2023ರ ನವೆಂಬರ್‌ನಲ್ಲಿ. ಅಂದರೆ 2021ರ ಮೇನಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ ತರಬೇತಿ ಮುಗಿಸಿ ಹೊರಬಿದ್ದ 83 ಮಹಿಳಾ ಯೋಧರ ಮೊದಲ ತಂಡ ಎರಡೂವರೆ ವರ್ಷ ಈ ನಿಯಮದ ಹೊರಗಿತ್ತು. ಮೂರನೆಯದಾದ ಬರವಣಿಗೆಗೆ ವ್ಯವಸ್ಥೆ ಹಾಗಿರಲಿ, ಅಡ್ಡಗೋಡೆಯೇ ಇದೆ. 1954ರ ಸೇನಾ ನಿಯಮಗಳ 21ನೇ ನಿಯಮದಂತೆ ರಾಜಕೀಯದ ಬಗ್ಗೆಯಾಗಲಿ ಸೇವೆಗೆ ಸಂಬಂಧಿಸಿದ ವಿಷಯದ ಬಗ್ಗೆಯಾಗಲಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಏನನ್ನೂ ಪ್ರಕಟಿಸುವಂತಿಲ್ಲ. ರಾತ್ರಿ ಪಾಳಿ, ಕ್ಯಾಂಪಿನ ಚಳಿ, ವಿಡಿಯೊ ಕರೆಯಲ್ಲಿ ಮುಖ ತಿರುಗಿಸುವ ಮಗು: ಇವೆಲ್ಲ ‘ಸೇವೆಯ ವಿಷಯ’ವೇ? ಹೌದೆನ್ನಬಹುದು, ಅಲ್ಲವೆನ್ನಬಹುದು. ಅನುಮಾನ ಇದ್ದಲ್ಲಿ ಪೆನ್ನು ಕೆಳಗಿಡುವುದು ಸಹಜ.

ಕಾಲ ಕೂಡಿಬಂದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷ್ ಲೇಖಕಿ ವೆರಾ ಬ್ರಿಟನ್ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಲಂಡನ್, ಮಾಲ್ಟಾ, ಫ್ರಾನ್ಸ್‌ಗಳಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ಆಕೆಯನ್ನು 1918ರಲ್ಲಿ ಮನೆಯವರೇ ವಾಪಸು ಕರೆಸಿಕೊಂಡರು. ತಾಯಿಗೆ ಆರೋಗ್ಯ ಸರಿಯಿರಲಿಲ್ಲ, ನೋಡಿಕೊಳ್ಳಲು ಮಗಳು ಬೇಕಿತ್ತು. ಮಗನಾಗಿದ್ದರೆ ರಣರಂಗದಿಂದ ಹೀಗೆ ಕರೆಸುತ್ತಿರಲಿಲ್ಲ. ಆ ಅನುಭವ ‘ಟೆಸ್ಟಮೆಂಟ್ ಆಫ್ ಯೂತ್’ ಎಂಬ ಪುಸ್ತಕವಾಗಿ ಬಂದದ್ದು 1933ರಲ್ಲಿ, ಅಷ್ಟರಲ್ಲಿ ಆಕೆ ಎರಡು ಮಕ್ಕಳ ತಾಯಿ. ಗೆಳತಿ, ಲೇಖಕಿ ವಿನಿಫ್ರೆಡ್ ಹೋಲ್ಟ್‌ಬಿ ಅದೇ ಮನೆಯಲ್ಲಿದ್ದು ಮಕ್ಕಳಿಗೂ ಆಸರೆಯಾಗಿದ್ದರು. ಪ್ರತಿಭೆ ಬ್ರಿಟನ್‌ರದು, ಬಿಡುವು ಇನ್ನೊಬ್ಬ ಹೆಣ್ಣು ಹೊಂದಿಸಿಕೊಟ್ಟದ್ದು. ನಮ್ಮಲ್ಲೂ ಬಿಡುವಿನ ಕತೆ ಬೇರೆಯಲ್ಲ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಸೇನೆಯ ತಾಯಿಗೆ ಇಂಥ ಮನೆಯಾಸರೆ ಇನ್ನೂ ದುರ್ಲಭ, ಏಕೆಂದರೆ ವರ್ಗಾವಣೆ ಬಂಧುಬಳಗವನ್ನು ಜೊತೆಗೆ ಒಯ್ಯಗೊಡುವುದಿಲ್ಲ.

ನಿವೃತ್ತಿಯಾದ ಮೇಲೆ ಬರೆದರಾಯಿತು ಎನ್ನುವವರಿಗೆ ಸೋವಿಯತ್ ಒಕ್ಕೂಟದ ಉದಾಹರಣೆ ಇದೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ 8 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇನೆಯಲ್ಲಿದ್ದರು. ಅವರ ಮಾತು ಜಗತ್ತಿಗೆ ಕೇಳಿಸಿದ್ದು 1985ರಲ್ಲಿ, ಯುದ್ಧ ಮುಗಿದ ನಲವತ್ತು ವರ್ಷಕ್ಕೆ, ಅದೂ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಎಂಬ ಪತ್ರಕರ್ತೆ ಮನೆಮನೆಗೆ ಹೋಗಿ ಕೇಳಿಸಿಕೊಂಡದ್ದರಿಂದ. ಯುದ್ಧಕ್ಕೆ ಹೋಗಿ ಬಂದದ್ದನ್ನೇ ಮುಚ್ಚಿಟ್ಟು ಬಾಳಿದವರು ಅವರಲ್ಲಿದ್ದರು. ಅಷ್ಟರಲ್ಲಿ ಅದೆಷ್ಟು ಮಂದಿ ತೀರಿಹೋಗಿದ್ದರೋ.

ಸೇನೆ ಇರುವುದು ದೇಶ ಕಾಯುವುದಕ್ಕೆ, ಸಾಹಿತ್ಯ ಸೇವೆಗಲ್ಲ ಎಂಬ ಆಕ್ಷೇಪವನ್ನು ಲಘುವಾಗಿ ತೆಗೆದುಕೊಳ್ಳಲಾಗದು. ಆದರೆ ಮೊದಲೇ ಗೊತ್ತಿರುವ ಗೈರುಹಾಜರಿ ಸನ್ನದ್ಧತೆಯನ್ನು ಕೆಡಿಸುವುದಿಲ್ಲ, ಅದಕ್ಕೆ ಬದಲಿ ವ್ಯವಸ್ಥೆ ಸಾಧ್ಯ. ಅಮೆರಿಕದಲ್ಲಿ 1951ರ ಅಧ್ಯಕ್ಷೀಯ ಆದೇಶ ತಾಯಿಯಾದವಳನ್ನು ಸೇವೆಯಿಂದ ಬಿಡಿಸಲು ಅವಕಾಶ ಕೊಟ್ಟಿತ್ತು; ಅದೇ ದೇಶದ ಭೂಸೇನೆ 2022ರಿಂದ ಹೆರಿಗೆಯಾದ ಮೇಲೆ 365 ದಿನ ಅವಳನ್ನು ಕಾರ್ಯಾಚರಣೆಗೆ ಕಳಿಸುವುದಿಲ್ಲ. ಜಗತ್ತಿನ ಉದ್ದಗಲ ತುಕಡಿಗಳನ್ನು ಅಟ್ಟುವ ಸೇನೆಗೆ ಆದದ್ದು ನಮ್ಮದಕ್ಕೆ ಯಾಕಾಗದು? ಗುಟ್ಟು ರಟ್ಟಾದೀತೆಂಬ ಭಯಕ್ಕೆ ಉತ್ತರ ಇನ್ನೂ ಸುಲಭ: ಪರಿಶೀಲನೆ ಇರಲಿ, ಅದಕ್ಕೊಂದು ಗಡುವೂ ಇರಲಿ.

ನನ್ನ ಮಟ್ಟಿಗೆ ಬಲವಾದ ಆಕ್ಷೇಪ ಇನ್ನೊಂದು. ಗಾರ್ಮೆಂಟ್ಸ್ ಕಾರ್ಮಿಕಳಿಗೂ ಆಶಾ ಕಾರ್ಯಕರ್ತೆಗೂ ಇಲ್ಲದ ಬಿಡುವು ಸಂಬಳ, ಪಿಂಚಣಿ ಇರುವವಳಿಗೆ ಯಾಕೆ? ಅವರ ಪಾಡು ಮೊದಲು ಸರಿಹೋಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಗಾರ್ಮೆಂಟ್ಸ್ ಹೆಣ್ಣು ತನ್ನ ಕಾರ್ಖಾನೆಯ ಬಗ್ಗೆ ಒಂದು ಕವಿತೆ ಅಚ್ಚು ಹಾಕಿಸಲು ದಿಲ್ಲಿಯ ಅಪ್ಪಣೆ ಕೇಳಬೇಕಿಲ್ಲ. ಸೇನೆಯ ತಾಯಿ ಎಲ್ಲಿರಬೇಕು, ಎಷ್ಟು ಹೊತ್ತು ದುಡಿಯಬೇಕು, ಏನು ಹೇಳಬಹುದು, ಮೂರನ್ನೂ ಸರ್ಕಾರವೇ ತೀರ್ಮಾನಿಸುತ್ತದೆ. ಮೂರೂ ಕೀಲಿಕೈ ಇಟ್ಟುಕೊಂಡವರನ್ನೇ ಬಾಗಿಲು ತೆರೆಯಲು ಕೇಳಬೇಕು.

2025ರ ಮೇ ಕೊನೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಮೊದಲ ಬಾರಿಗೆ 17 ಮಹಿಳಾ ಕೆಡೆಟ್‌ಗಳು ಹೊರಬಂದಿದ್ದಾರೆ. ಅವರಲ್ಲಿ ತಾಯಿಯಾಗಬಯಸುವವರು ಇನ್ನೊಂದು ಹತ್ತು ವರ್ಷದೊಳಗೆ ಹೆರಿಗೆ ರಜೆಯ ಅರ್ಜಿ ಬರೆಯುತ್ತಾರೆ. ರಕ್ಷಣಾ ಸಚಿವಾಲಯ ಅಷ್ಟರೊಳಗೆ ಎರಡು ಆದೇಶ ಹೊರಡಿಸಲಿ. ಹೆರಿಗೆಯ ನಂತರ ಒಂದು ವರ್ಷ ಫೀಲ್ಡ್ ಪೋಸ್ಟಿಂಗ್ ಇಲ್ಲ, ಅದರಿಂದ ಬಡ್ತಿಗೆ ಕುತ್ತೂ ಇಲ್ಲ ಎಂಬುದು ಒಂದು. ಹಸ್ತಪ್ರತಿ ಸಲ್ಲಿಸಿದ 60 ದಿನಗಳೊಳಗೆ ಅನುಮತಿ, ಇಲ್ಲವಾದರೆ ನಿರಾಕರಣೆಗೆ ಲಿಖಿತ ಕಾರಣ ಎಂಬುದು ಇನ್ನೊಂದು.