ಜಾಲರಿ ಹೇಳುವ ಪಾಠ

ನಮ್ಮ ಕರಾವಳಿಯ ಯಾವುದೇ ಹಳೆಯ ಕೆಥೋಲಿಕ್ ಇಗರ್ಜಿಯೊಳಗೆ ಹೋಗಿ ನೋಡಿ. ಗೋಡೆಯ ಬದಿಗೆ ಮರದ ಒಂದು ಗೂಡು ಕಾಣುತ್ತದೆ. ಒಳಗೆ ಪಾದ್ರಿಗಳು ಕೂರುತ್ತಾರೆ, ಪಾಪನಿವೇದನೆಗೆ ಬಂದವರು ಹೊರಗೆ ಮೊಣಕಾಲೂರುತ್ತಾರೆ. ಇಬ್ಬರ ನಡುವೆ ಒಂದು ಜಾಲರಿ. ಮಾತು ದಾಟುತ್ತದೆ, ಕೈ ದಾಟುವುದಿಲ್ಲ.

ಈ ಜಾಲರಿ ಮೊದಲಿನಿಂದ ಇದ್ದದ್ದಲ್ಲ. 16ನೇ ಶತಮಾನದಲ್ಲಿ ಇಟಲಿಯ ಮಿಲಾನ್ ನಗರದ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಚಾರ್ಲ್ಸ್ ಬೊರೋಮಿಯೊ ಅದನ್ನು ತಮ್ಮ ಇಗರ್ಜಿಗಳಲ್ಲಿ ಕಡ್ಡಾಯ ಮಾಡಿದರು. 1577ರಲ್ಲಿ ಹೊರಟ ಅವರ ಕಟ್ಟಡ ನಿಯಮಗಳಲ್ಲಿ ಈ ಗೂಡು ಹೇಗಿರಬೇಕೆಂಬ ವಿವರವೇ ಇದೆ. ಒಬ್ಬಂಟಿಯಾಗಿ ಬರುವ ಹೆಂಗಸರಿಗೆ ತೊಂದರೆಯಾಗಬಾರದು, ಪಾದ್ರಿಗಳ ಮೇಲೆ ಇಲ್ಲದ ಅಪವಾದವೂ ಬರಬಾರದು ಎಂಬುದು ಉದ್ದೇಶ. ಕುಂದಾಪುರದ ರೋಜರಿ ಮಾತೆಯ ಇಗರ್ಜಿ 1570ರದ್ದು, 2020ಕ್ಕೆ ಅದಕ್ಕೆ 450 ವರ್ಷ ತುಂಬಿತು. ಅಂದರೆ ಜಾಲರಿಯೂ ನಮ್ಮ ಇಗರ್ಜಿಯೂ ಹೆಚ್ಚುಕಡಿಮೆ ಓರಗೆಯವು.

ಬೊರೋಮಿಯೊ ತಮ್ಮ ಪಾದ್ರಿಗಳೆಲ್ಲ ಕೆಟ್ಟವರೆಂದು ತಿಳಿದಿದ್ದರೆ? ಇಲ್ಲ. ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಹಣೆ ನೋಡಿ ಹೇಳಲಾಗದು ಎಂಬುದನ್ನು ಬಲ್ಲವರಾಗಿದ್ದರು. ಆದ್ದರಿಂದ ನಿಯಮವನ್ನು ಎಲ್ಲರಿಗೂ ಒಂದೇ ಮಾಡಿದರು. ಮನೆಗೆ ಫ್ಯೂಸ್ ಹಾಕಿಸುವವನು ವಯರಿಂಗ್ ಮಾಡಿದವನನ್ನು ಅವಮಾನಿಸುತ್ತಿದ್ದಾನೆ ಎಂದು ಯಾರೂ ಹೇಳುವುದಿಲ್ಲ. ಇದೂ ಹಾಗೆಯೇ.

ಇಷ್ಟು ಪೀಠಿಕೆ ಯಾಕೆಂದರೆ, ಇಂದು ಇಗರ್ಜಿಯ ಬದುಕು ಆ ಗೂಡಿನ ಹೊರಗೆ ಬಹಳ ಬೆಳೆದಿದೆ. ಭಾನುವಾರದ ಕ್ರೈಸ್ತಶಿಕ್ಷಣ, ಪೂಜೆಗೆ ನೆರವಾಗುವ ಹುಡುಗರು, ಗಾಯನ ತಂಡದ ಸಂಜೆಯ ಅಭ್ಯಾಸ, ವಿದ್ಯಾರ್ಥಿ ನಿಲಯ, ಯುವಜನರ ಪ್ರವಾಸ, ಈಗ ಮೊಬೈಲಿನ ವಾಟ್ಸಾಪ್ ಗುಂಪು. ಇಲ್ಲೆಲ್ಲ ಮಕ್ಕಳು ಹಿರಿಯರ ಕೈಯಲ್ಲಿರುತ್ತಾರೆ, ಆದರೆ ನಡುವೆ ಜಾಲರಿ ಇಲ್ಲ. ಇದು ಕ್ರೈಸ್ತರೊಬ್ಬರ ಮಾತಲ್ಲ. ಭಜನಾ ಮಂದಿರ, ಮದರಸ, ಯಕ್ಷಗಾನ ತರಗತಿ, ಟ್ಯೂಷನ್ ಮನೆ, ನಾವು ಮೇಷ್ಟ್ರುಗಳು ಇರುವ ಶಾಲೆಯ ಪ್ರಯೋಗಶಾಲೆ, ಎಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಇಗರ್ಜಿಯನ್ನು ಮುಂದಿಟ್ಟದ್ದು ಅಲ್ಲಿ ವಾರವಾರ ಜನ ಸೇರುತ್ತಾರೆ, ಆಡಳಿತ ಮಂಡಳಿಯಿದೆ, ವಾರ್ಡಿಗೊಬ್ಬ ಗುರ್ಕಾರರಿದ್ದಾರೆ ಎಂಬುದಕ್ಕೆ. ಮನಸ್ಸು ಮಾಡಿದರೆ ಅಲ್ಲಿ ಕೆಲಸ ಬೇಗ ಆಗುತ್ತದೆ.

ಅಪಾಯ ಹೊರಗಿನಿಂದ ಬರುತ್ತದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಗುರುತಿಲ್ಲದವರು ಮಿಠಾಯಿ ಕೊಟ್ಟರೆ ತಿನ್ನಬೇಡ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ನಮ್ಮ ನೆರೆಯ ಗೋವಾ, ಕೇರಳ, ಮಹಾರಾಷ್ಟ್ರಗಳೂ ಸೇರಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನ ಅದು. ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದವರು ನೂರಕ್ಕೆ 53 ಮಂದಿ. ಅವರಲ್ಲಿ ಹುಡುಗರ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಹೇಳದಿರಲು ಕಾರಣ ಹುಡುಕಬೇಕಿಲ್ಲ. ಮಗು ಬಾಯಿ ತೆರೆಯುವಷ್ಟರಲ್ಲಿ "ಹಾಂಗೆಲ್ಲ ಹೇಳೂಕಾಗ, ಸುಮ್ನಿರ್" ಎಂದು ಬಿಡುತ್ತೇವೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲರಿಗೂ ಎಲ್ಲರೂ ಗುರುತು. ಮನೆತನದ ಹೆಸರು, ಊರಿನ ಹೆಸರು, ಇಗರ್ಜಿಯ ಹೆಸರು ಎಲ್ಲವೂ ಒಂದು ಪುಟ್ಟ ಬಾಯಿಯ ಮೇಲೆ ಕೂರುತ್ತವೆ. ಅಷ್ಟು ಭಾರ ಹೊರುವ ಶಕ್ತಿ ಆ ಮಗುವಿಗೆ ಎಲ್ಲಿಂದ ಬರಬೇಕು?

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನ ಗಡಿಯಾಚೆಯ ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನ ಪ್ರಕರಣ ನೋಡಿ. ಅಲ್ಲಿನ ಪಾದ್ರಿ ರಾಬಿನ್ ವಡಕ್ಕುಂಚೇರಿಯ ಬಂಧನವಾದದ್ದು 2017ರ ಫೆಬ್ರವರಿಯಲ್ಲಿ, ಅಪ್ರಾಪ್ತ ವಯಸ್ಸಿನ ಹುಡುಗಿಯೊಬ್ಬಳು ತಾಯಿಯಾದ ಮೇಲೆ. ಅದಕ್ಕೆ ಮೊದಲು ತಪ್ಪನ್ನು ಬೇರೊಬ್ಬರ ತಲೆಗೆ ಕಟ್ಟುವ ಪ್ರಯತ್ನ ನಡೆದಿತ್ತು. ನ್ಯಾಯಾಲಯದಲ್ಲಿ ಮುಖ್ಯ ಸಾಕ್ಷಿಗಳೇ ತಿರುಗಿಬಿದ್ದರು. ಆದರೂ ಡಿಎನ್‌ಎ ಪರೀಕ್ಷೆ ತಂದೆ ಯಾರೆಂದು ಹೇಳಿತು, ಜನನ ದಾಖಲೆ ಹುಡುಗಿಯ ವಯಸ್ಸನ್ನು ಹೇಳಿತು. 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ನ್ಯಾಯಾಲಯ 20 ವರ್ಷಗಳ ಶಿಕ್ಷೆ ವಿಧಿಸಿತು. 2021ರಲ್ಲಿ ಕೇರಳ ಹೈಕೋರ್ಟು ಅಪರಾಧವನ್ನು ಎತ್ತಿಹಿಡಿದು ಶಿಕ್ಷೆಯನ್ನು 10 ವರ್ಷಕ್ಕೆ ಇಳಿಸಿತು. ವ್ಯಾಟಿಕನ್ ಆತನನ್ನು ಯಾಜಕ ಪಟ್ಟದಿಂದಲೇ ಕಳಚಿತು. ಮುಚ್ಚಿಟ್ಟ ಆರೋಪ ಹೊತ್ತಿದ್ದ ಇತರರು ಖುಲಾಸೆಯಾದರು ಎಂಬುದನ್ನೂ ಹೇಳಬೇಕು, ಏಕೆಂದರೆ ಕಾನೂನು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿಯೇ ತೂಗುತ್ತದೆ. ಬಾಯಿಗಳು ಮುಚ್ಚಿದ ಮೇಲೆ ರಕ್ತ ಮಾತಾಡಬೇಕಾಯಿತು. ಎಲ್ಲ ಪ್ರಕರಣಗಳಲ್ಲೂ ಅಂಥ ಪುರಾವೆ ಸಿಗುವುದಿಲ್ಲ. ಮುಟ್ಟಬಾರದ ಕಡೆ ಮುಟ್ಟಿದ್ದಕ್ಕೆ ಯಾವ ಪ್ರಯೋಗಾಲಯದ ವರದಿ ತರುವುದು?

ಕಾನೂನು ಏನು ಹೇಳುತ್ತದೆ? ಪೋಕ್ಸೊ ಕಾಯಿದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. 18 ವರ್ಷದೊಳಗಿನ ಹುಡುಗಿ, ಹುಡುಗ ಇಬ್ಬರಿಗೂ ಅದರ ರಕ್ಷಣೆಯಿದೆ. ಇಂಥದ್ದು ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಧಾರ್ಮಿಕ ಸಂಸ್ಥೆಯ ಆಡಳಿತದವರು ಅಥವಾ ಸಿಬ್ಬಂದಿ ಅದೇ ಸಂಸ್ಥೆಯಲ್ಲಿ ಮಗುವಿನ ಮೇಲೆ ದೌರ್ಜನ್ಯ ಎಸಗಿದರೆ ಅದು ಇನ್ನೂ ಗುರುತರ ಅಪರಾಧ. ಒಳ್ಳೆಯ ಮನಸ್ಸಿನಿಂದ ದೂರು ಕೊಟ್ಟವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ. ದ್ವೇಷದಿಂದ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆಯುಂಟು, ಮಗುವಿಗೆ ಇಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಾಧ್ಯವಿದ್ದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ಬರೆದುಕೊಳ್ಳಬೇಕು. ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ಠಾಣೆಯ ಮೆಟ್ಟಿಲಿಗೆ ಹೆದರಿ ಹಿಂಜರಿಯುವವರು ಇದನ್ನು ತಿಳಿದಿರಬೇಕು.

ಚರ್ಚ್‌ನ ಒಳಗಿನ ನಿಯಮವೂ ಬದಲಾಗಿದೆ. ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶ 2023ರಲ್ಲಿ ಶಾಶ್ವತವಾಯಿತು. ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಸ್ವೀಕರಿಸುವ ವ್ಯವಸ್ಥೆ ಇರಬೇಕು. ಪಾದ್ರಿಗಳು, ಸಿಸ್ಟರುಗಳು ತಿಳಿದದ್ದನ್ನು ವರದಿ ಮಾಡಬೇಕು. ದೂರು ಕೊಟ್ಟವರಿಗೆ "ಸುಮ್ಮನಿರಿ" ಎನ್ನುವಂತಿಲ್ಲ. ಇದರಿಂದ ದೇಶದ ಕಾನೂನಿಗೆ ಯಾವ ಬಾಧೆಯೂ ಇಲ್ಲ. ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯದವರು, ಪ್ರೊಟೆಸ್ಟೆಂಟರು ಪೋಪರ ಅಧೀನದಲ್ಲಿಲ್ಲ. ಆದರೆ ಪೋಕ್ಸೊ ಎಲ್ಲರಿಗೂ ಒಂದೇ.

ಇನ್ನು ನಮ್ಮ ಕೈಯಲ್ಲಿರುವುದು. ಮಕ್ಕಳ ಕೂಟ ಯಾವುದೇ ಇರಲಿ, ಇಬ್ಬರು ದೊಡ್ಡವರು ಇರಲಿ. ಒಬ್ಬ ಮಗುವಿನೊಂದಿಗೆ ಮಾತಾಡುವುದಿದ್ದರೆ ಬಾಗಿಲು ತೆರೆದಿರಲಿ. ಪ್ರವಾಸಕ್ಕೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ, ಮಲಗುವ ಕೋಣೆ ಬೇರೆಯಿರಲಿ. ಮೊಬೈಲಿನ ಸಂದೇಶ ಗುಂಪಿನಲ್ಲಿರಲಿ, ಮಗುವಿಗೆ ಗುಟ್ಟಾಗಿ ಬೇಡ. ಮಗು ಏನಾದರೂ ಹೇಳಿದರೆ ಅದರದೇ ಮಾತಿನಲ್ಲಿ ಬರೆದಿಡಿ. ಹತ್ತು ಜನ ಕೂಡಿಸಿ ಹತ್ತು ಸಲ ಕೇಳಬೇಡಿ, ಆರೋಪಿಯನ್ನು ಕರೆಸಿ ಎದುರುಬದುರು ನಿಲ್ಲಿಸಬೇಡಿ. ತನಿಖೆ ಪೊಲೀಸರ ಕೆಲಸ, ಪಂಚಾಯಿತಿಕೆ ಬೇಡ.

ಮಕ್ಕಳಷ್ಟೇ ಅಸಹಾಯಕರು ಇನ್ನೊಂದು ಕಡೆ ಇದ್ದಾರೆ. ಮಕ್ಕಳು ಮುಂಬಯಿ, ದುಬೈ, ಕುವೈಟ್ ಸೇರಿ, ದೊಡ್ಡ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ ಉಳಿದ ಮನೆಗಳು ನಮ್ಮ ಮೂರೂ ತಾಲೂಕುಗಳಲ್ಲಿ ಎಷ್ಟಿಲ್ಲ? ಅಂಥವರಿಗೆ ಪೆಟ್ಟು ಬೀಳುವುದಕ್ಕಿಂತ ಹೆಚ್ಚಾಗಿ ಸಹಿ ಬೀಳುತ್ತದೆ. ಪಾಸ್‌ಬುಕ್, ಎಟಿಎಂ ಕಾರ್ಡು, ಜಾಗದ ಪತ್ರ ಮೆಲ್ಲಗೆ ಕೈ ಬದಲಾಗುತ್ತವೆ. ಕೊಂಡವರು ಬಂಧುಗಳೇ ಇರಬಹುದು, ಊರಿನ ಉಪಕಾರಿಗಳೂ ಇರಬಹುದು. 2007ರ ಹಿರಿಯ ನಾಗರಿಕರ ಕಾಯಿದೆಯ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತನ್ನು ಪತ್ರದಲ್ಲೇ ಬರೆಸುವುದು ಜಾಣತನ. ದೂರು ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ, ಅವರ ಕಚೇರಿ ಕುಂದಾಪುರದಲ್ಲೇ ಇದೆ. 2016ರ ಕಾಯಿದೆಯಡಿ ವಿಕಲಚೇತನರ ಮೇಲಿನ ದೌರ್ಜನ್ಯದ ಮಾಹಿತಿಯನ್ನೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಯಾರು ಬೇಕಾದರೂ ಕೊಡಬಹುದು. ಒಬ್ಬಂಟಿ ಹಿರಿಯರನ್ನು ನೋಡಲು ಹೋಗುವ ಸ್ವಯಂಸೇವಕರು ಜೋಡಿಯಾಗಿ ಹೋಗಲಿ. ಹಣದ ವ್ಯವಹಾರಕ್ಕೆ ಕೈ ಹಾಕದಿರಲಿ.

"ಇಷ್ಟೆಲ್ಲ ನಿಯಮ ಮಾಡಿದರೆ ಸೇವೆಗೆ ಯಾರು ಬರುತ್ತಾರೆ ಮಾರಾಯ್ರೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆಯವರು ಬರುತ್ತಾರೆ. ತೆರೆದ ಬಾಗಿಲು ಅವರನ್ನೂ ಕಾಯುತ್ತದೆ. ಬಾಗಿಲು ಮುಚ್ಚಿಯೇ ಸೇವೆ ಮಾಡುತ್ತೇನೆ ಎನ್ನುವವರು ಬರದಿದ್ದರೆ ನಷ್ಟವೇನಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಅಷ್ಟರೊಳಗೆ ಪ್ರತಿ ಇಗರ್ಜಿಯ ಫಲಕದಲ್ಲಿ ಒಂದು ಹಾಳೆ ಅಂಟಿಸಬಹುದು. ದೂರು ಕೇಳುವ ಇಬ್ಬರ ಹೆಸರು, ಅವರಲ್ಲಿ ಒಬ್ಬರಾದರೂ ಮಹಿಳೆ. ಕೆಳಗೆ ಮಕ್ಕಳ ಸಹಾಯವಾಣಿ 1098, ಹಿರಿಯರ ಸಹಾಯವಾಣಿ 14567, ತುರ್ತಿಗೆ 112. ಖರ್ಚು ಒಂದು ಹಾಳೆ, ನಾಲ್ಕು ಪಿನ್ನು. ಹಾಳೆಯನ್ನು ಮಾತ್ರ ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ.